ಕ್ಲ್ಯಾಪ್ ಬೋರ್ಡ್‌ನಿಂದ ಮೊದಲ ಶುಕ್ರವಾರದವರೆಗೆ

ಹೋದ ತಿಂಗಳು ನಾನು ನಿರ್ದೇಶಿಸಿದ ಮೊದಲ ಸಿನಿಮಾ ಬಿಡುಗಡೆ ಆಯಿತು. ಎರಡು ವಾರ ಓಡಿ ಇಳಿಯಿತು. ಹಾಕಿದ ದುಡ್ಡು ಪೂರ್ತಿ ವಾಪಸ್ ಬಂದಿಲ್ಲ. ಆದರೂ ನೋಡಿದವರಲ್ಲಿ ಕೆಲವರು ಮನೆಯವರನ್ನು ಕರೆದುಕೊಂಡು ಮತ್ತೆ ಬಂದರು. ನನಗೆ ಅದು ಸಣ್ಣ ವಿಷಯ ಅಲ್ಲ. ಆವತ್ತಿನಿಂದ ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡುತ್ತಿದ್ದಾರೆ. "ಅಕ್ಕ, ನಾನೂ ಸಿನಿಮಾಕ್ಕೆ ಬರಬೇಕು, ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳುತ್ತಾರೆ. ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನೂರು ತಿಪಟೂರಿನ ಹತ್ತಿರ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಬಿ.ಎ. ಆದ ಮೇಲೆ ಬಿ.ಎಡ್. ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಸಿನಿಮಾ ಅಂದಾಗ ಅಮ್ಮ ಕೆಲವು ದಿನ ಮಾತೇ ಬಿಟ್ಟಳು. ಅಪ್ಪ ಮಾತ್ರ, "ಒಂದು ವರ್ಷ ನೋಡು ಪುಟ್ಟಿ. ರೂಮ್ ಬಾಡಿಗೆ ನಾನು ಕಟ್ತೀನಿ, ಊಟ ನೀನು ನೋಡ್ಕೋ" ಅಂದರು. ಆ ಮಾತು ಇಲ್ಲದಿದ್ದರೆ ನಾನು ಬೆಂಗಳೂರಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಈಗ ಬರುವವರಿಗೆ ನಾನು ಮೊದಲು ಕೇಳುವುದೂ ಅದನ್ನೇ. ದುಡ್ಡು ಬರದ ಆರು ತಿಂಗಳು ಹೇಗೆ ಬದುಕುತ್ತೀಯ? ಕಥೆ ಬರೆಯೋಕೆ ಬರುತ್ತಾ ಅನ್ನುವುದು ಆಮೇಲಿನ ಪ್ರಶ್ನೆ. ನನ್ನ ಜೊತೆ ಶುರು ಮಾಡಿ ವಾಪಸ್ ಹೋದವರಲ್ಲಿ ಹೆಚ್ಚಿನವರು ನನಗಿಂತ ಚೆನ್ನಾಗಿ ಬರೆಯುತ್ತಿದ್ದರು. ಅವರನ್ನು ಸೋಲಿಸಿದ್ದು ಎರಡು ಸಿನಿಮಾಗಳ ನಡುವಿನ ಖಾಲಿ ತಿಂಗಳುಗಳು.

ಕಲಿಯೋಕೆ ದಾರಿ ಒಂದೇ ಅಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಪ್ರವೇಶ ಪರೀಕ್ಷೆ ಬರೆಯಬಹುದು. ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಕ್ಯಾಮೆರಾ ಮತ್ತು ಸೌಂಡ್ ಕಲಿಸುತ್ತಾರೆ. ನಟನೆ ಕಡೆ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಂ ಇದೆ. ಇನ್ನೊಂದು ಹಳೆಯ ದಾರಿ, ಒಬ್ಬ ನಿರ್ದೇಶಕರ ಕೈಕೆಳಗೆ ಸಹಾಯಕರಾಗಿ ಸೇರುವುದು. ಪುಟ್ಟಣ್ಣ ಕಣಗಾಲ್ ಅವರು ಬಿ.ಆರ್. ಪಂತುಲು ಅವರ ಹತ್ತಿರ ಕೆಲಸ ಮಾಡಿ ಕಲಿತವರು. ಉಪೇಂದ್ರ ಅವರು ಕಾಶಿನಾಥ್ ಅವರ ಗರಡಿಯಿಂದ ಬಂದವರು. ಫೀಸು ಕಟ್ಟುವ ಶಕ್ತಿ ಇಲ್ಲದ ನನಗೆ ಈ ದಾರಿಯೇ ಆಯಿತು.

ಗಾಂಧಿನಗರದಲ್ಲಿ ಇಳಿದರೆ ಸಾಲು ಸಾಲು ಸಿನಿಮಾ ಆಫೀಸು ಇರುತ್ತವೆ ಅಂದುಕೊಂಡಿದ್ದೆ. ಆದರೆ ಹೊಸ ತಂಡಗಳೆಲ್ಲ ನಾಗರಭಾವಿ, ರಾಜರಾಜೇಶ್ವರಿ ನಗರ, ರಾಜಾಜಿನಗರದ ಬಾಡಿಗೆ ಮನೆಗಳಲ್ಲಿ ಕೂತಿದ್ದವು. ಬೋರ್ಡ್ ಇರಲ್ಲ, ಬಾಗಿಲ ಮುಂದೆ ಚಪ್ಪಲಿ ರಾಶಿ ಇದ್ದರೆ ಅದೇ ಆಫೀಸು. ಬಯೋಡೇಟಾ ಕೊಟ್ಟು ಬಂದರೆ ಯಾರೂ ಕರೆಯಲ್ಲ. ನನಗೆ ಬಾಗಿಲು ತೆರೆದದ್ದು ಟೈಪಿಂಗ್. ಒಬ್ಬ ಹಿರಿಯ ನಿರ್ದೇಶಕರು ಚಿತ್ರಕಥೆಯನ್ನು ಕೈಯಲ್ಲಿ ಬರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ ಬೇಗ ಟೈಪ್ ಮಾಡುವವರು ಬೇಕಾಗಿತ್ತು. ನಾನು ಕಾಲೇಜಿನಲ್ಲೇ ಕಲಿತಿದ್ದೆ. ಅವರ ದೃಶ್ಯಗಳನ್ನು ಟೈಪ್ ಮಾಡುತ್ತಾ ಮಾಡುತ್ತಾ ಒಂದು ಸೀನ್ ಎಲ್ಲಿ ಶುರುವಾಗಬೇಕು, ಯಾವ ಮಾತು ಬೇಡ ಅನ್ನುವುದು ಬೆರಳಿಗೇ ಗೊತ್ತಾಯಿತು. ಬರುವವರಿಗೆ ನನ್ನ ಸಲಹೆ: ಆ ಆಫೀಸಿಗೆ ಇವತ್ತೇ ಉಪಯೋಗಕ್ಕೆ ಬರುವ ಒಂದು ಕೆಲಸ ಕಲಿತು ಬನ್ನಿ. ಟೈಪಿಂಗ್, ಎಡಿಟಿಂಗ್, ಸಬ್‌ಟೈಟಲ್, ಬಜೆಟ್ ಶೀಟ್, ಯಾವುದಾದರೂ ಸರಿ. "ನನಗೆ ಸಿನಿಮಾ ಅಂದ್ರೆ ಪ್ರಾಣ" ಅನ್ನುವವರು ದಿನಾ ಬರುತ್ತಾರೆ.

ಇನ್ನೊಂದು ಮಾತು. ಅವಕಾಶ ಕೊಡಿಸುತ್ತೇವೆ, ಸಿನಿಮಾ ಸಂಘದ ಸದಸ್ಯತ್ವದ ಕಾರ್ಡ್ ಮಾಡಿಸಿಕೊಡುತ್ತೇವೆ, ಆಡಿಷನ್‌ಗೆ ಫೀಸು ಕಟ್ಟಿ ಅಂತ ಯಾರಾದರೂ ಕೇಳಿದರೆ ಎದ್ದು ಬನ್ನಿ. ನಾನಿದ್ದ ಪೇಯಿಂಗ್ ಗೆಸ್ಟ್‌ನಲ್ಲಿದ್ದ ಹುಡುಗಿಯೊಬ್ಬಳು ಹೀಗೆ ಅಮ್ಮನ ಸರ ಅಡವಿಟ್ಟ ದುಡ್ಡು ಕಳೆದುಕೊಂಡಳು. ಕೆಲಸ ಮಾಡುವವರಿಗೆ ದುಡ್ಡು ಕೊಡಬೇಕೇ ಹೊರತು ಅವರ ಹತ್ತಿರ ಕೇಳಬಾರದು.

ಮೊದಲ ಸಿನಿಮಾದಲ್ಲಿ ನನಗೆ ಸಿಕ್ಕಿದ್ದು ಕ್ಲ್ಯಾಪ್ ಮತ್ತು ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಎಲ್ಲ ಹೊಂದುವ ಹಾಗೆ ನೋಡಿಕೊಳ್ಳುವುದು. ಸುಮ್ನೆ ಬೋರ್ಡ್ ಹೊಡೆದು ಪಕ್ಕಕ್ಕೆ ಸರಿಯುವ ಕೆಲಸ ಅಂದುಕೊಳ್ಳಬೇಡಿ. ಸೀನ್ ನಂಬರ್, ಶಾಟ್, ಟೇಕ್, ಯಾವುದು ಓಕೆ ಅನ್ನುವುದೆಲ್ಲ ನಿಮ್ಮ ಹಾಳೆಯಲ್ಲಿ ಸರಿಯಾಗಿರದಿದ್ದರೆ ಆಮೇಲೆ ಎಡಿಟರ್ ಕತ್ತಲಲ್ಲಿ ಹುಡುಕಬೇಕು. ನಾಯಕಿ ಯಾವ ಕೈಯಲ್ಲಿ ಲೋಟ ಹಿಡಿದಿದ್ದಳು, ಅಂಗಿಯ ಎಷ್ಟು ಗುಂಡಿ ಹಾಕಿತ್ತು, ಗೋಡೆ ಗಡಿಯಾರ ಎಷ್ಟು ತೋರಿಸುತ್ತಿತ್ತು ಅನ್ನುವುದೂ ಮುಖ್ಯ. ಮನೆಯೊಳಗಿನ ದೃಶ್ಯವನ್ನು ಇವತ್ತು ತೆಗೆದು, ಬಾಗಿಲು ದಾಟಿ ಹೊರಬರುವುದನ್ನು ಮೂರು ವಾರ ಬಿಟ್ಟು ಬೇರೆ ಊರಿನಲ್ಲಿ ತೆಗೆಯುತ್ತಾರೆ. ಫೋನಿನಲ್ಲಿ ಫೋಟೊ ತೆಗೆದಿಡಿ, ಜೊತೆಗೆ ಹಾಳೆಯಲ್ಲೂ ಬರೆಯಿರಿ. ಬೆಳಗ್ಗೆ 6ಕ್ಕೆ ಕಾಲ್‌ಶೀಟ್ ಅಂದರೆ ನಾವು 4ಕ್ಕೇ ಏಳಬೇಕು. ಪ್ಯಾಕಪ್ ಆದ ಮೇಲೂ ನಾಳೆಯ ಚಾರ್ಟ್ ಮಾಡಬೇಕು, ಜೂನಿಯರ್ ಆರ್ಟಿಸ್ಟ್ ಎಷ್ಟು ಜನ ಬೇಕು ಅಂತ ಮ್ಯಾನೇಜರ್‌ಗೆ ಹೇಳಬೇಕು. ಆ ಸಿನಿಮಾದ ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ದಿನ ಲೈಟ್ ಬಾಯ್ಸ್ ಎಲ್ಲ, "ಅಕ್ಕ, ಮುಂದಿನ ಪಿಕ್ಚರ್‌ಗೂ ನೀವೇ ಬನ್ನಿ" ಅಂದಾಗ ನನಗೆ ನಿಜವಾಗಿಯೂ ಅಳು ಬಂತು.

ದುಡ್ಡಿನ ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳಲ್ಲ. ಮೊದಲ ಸಿನಿಮಾಕ್ಕೆ ನನಗೆ ಸಂಬಳ ಇರಲಿಲ್ಲ. ಶೂಟಿಂಗ್ ಇದ್ದ ದಿನ 300 ರೂಪಾಯಿ ಬಾಟಾ (ದಿನದ ಭತ್ಯೆ), ಊಟ ಸೆಟ್‌ನಲ್ಲಿ. ಎರಡನೆಯದಕ್ಕೆ ಒಟ್ಟು ಮೊತ್ತ ಅಂತ ಮಾತಾಯಿತು. ಅರ್ಧ ಬಂತು. ಉಳಿದದ್ದು ಬಿಡುಗಡೆ ಆದ ಮೇಲೆ ಅಂದರು. ಆ ಸಿನಿಮಾ ಇವತ್ತಿಗೂ ಬಿಡುಗಡೆ ಆಗಿಲ್ಲ. ಫೋನ್ ಎತ್ತುವುದನ್ನೇ ಬಿಟ್ಟರು. ನನ್ನ ಹತ್ತಿರ ಒಂದು ತುಂಡು ಕಾಗದವೂ ಇರಲಿಲ್ಲ, ಯಾರನ್ನು ಏನು ಅಂತ ಕೇಳಲಿ? ಆಮೇಲಿಂದ ಕೆಲಸ ಒಪ್ಪುವ ಮುಂಚೆ ಒಂದು ಪುಟದ ಪತ್ರ ಕೇಳುತ್ತೇನೆ. ಏನು ಕೆಲಸ, ಎಷ್ಟು ದಿನ, ಒಟ್ಟು ಎಷ್ಟು, ಯಾವ ಹಂತದಲ್ಲಿ ಎಷ್ಟು ಕಂತು, ಟೈಟಲ್ ಕಾರ್ಡ್‌ನಲ್ಲಿ ಯಾವ ಹೆಸರು, ಇಷ್ಟೇ. ಪತ್ರ ಕೊಡಲ್ಲ ಅಂದರೆ ಕೊನೇಪಕ್ಷ ಮಾತಾಡಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಕಂತುಗಳನ್ನು ಡಬ್ಬಿಂಗ್ ಮುಗಿಯುವುದರೊಳಗೆ ಪೂರ್ತಿಯಾಗುವ ಹಾಗೆ ಇಟ್ಟುಕೊಳ್ಳಿ. ಬಿಡುಗಡೆ ದಿನಕ್ಕೆ ಯಾವ ಕಂತನ್ನೂ ಕಟ್ಟಿಹಾಕಬೇಡಿ.

ಹುಡುಗಿಯರಿಗೆ ಬೇರೆ ಮಾತು ಇದೆ. ಹೊರಾಂಗಣ ಶೂಟಿಂಗ್‌ನಲ್ಲಿ ನಾಯಕಿಗೆ ಕ್ಯಾರವಾನ್ ಇರುತ್ತದೆ, ನಮಗೆ ಶೌಚಾಲಯ ಇರಲ್ಲ. ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಮೂತ್ರದ ಸೋಂಕು ಆಗಿ ಆಸ್ಪತ್ರೆ ಸೇರಿದ್ದೇನೆ. ಈಗ ಲೊಕೇಶನ್ ನೋಡುವಾಗಲೇ ಈ ಪ್ರಶ್ನೆ ಎತ್ತುತ್ತೇನೆ, ನನ್ನ ಸಿನಿಮಾದಲ್ಲಿ ಮೊದಲು ಗೊತ್ತು ಮಾಡಿದ್ದೇ ಅದು. ರಾತ್ರಿ ಪ್ಯಾಕಪ್ ಆದರೆ ಮನೆ ಬಾಗಿಲವರೆಗೆ ಗಾಡಿ ಬರಬೇಕು ಅಂತ ಮೊದಲೇ ಹೇಳಿ. 2013ರ ಕಾಯ್ದೆ ಪ್ರಕಾರ 10 ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸಿನಿಮಾ ಸೆಟ್ಟೂ ಕೆಲಸದ ಜಾಗವೇ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಸೇರುವ ದಿನವೇ ಕೇಳಿ. ಕೇಳಿದ್ದಕ್ಕೆ ನನ್ನನ್ನು ಒಂದು ತಂಡ ಬೇಡ ಅಂದಿದೆ. ಬೇಜಾರಾಯಿತು, ಆದರೆ ಆ ತಂಡಕ್ಕೆ ಹೋಗದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು.

ಖಾಲಿ ತಿಂಗಳುಗಳಲ್ಲಿ ನನ್ನನ್ನು ಉಳಿಸಿದ್ದು ಧಾರಾವಾಹಿ ಮತ್ತು ಡಬ್ಬಿಂಗ್ ಬರವಣಿಗೆ. ಧಾರಾವಾಹಿಯಲ್ಲಿ ದಿನಕ್ಕೊಂದು ಎಪಿಸೋಡ್‌ನಷ್ಟು ತೆಗೆಯಬೇಕು. ಅಲ್ಲಿ ಕಲಿತ ವೇಗ ನನ್ನ ಸಿನಿಮಾವನ್ನು ಬಜೆಟ್ ಒಳಗೆ ಇಟ್ಟಿತು. ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ತಡೆಯುವಂತಿಲ್ಲ ಅಂತ 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ನಿಧಾನವಾಗಿ ಆ ಕೆಲಸ ಬೆಳೆದಿದೆ. ತುಟಿಯ ಅಳತೆಗೆ ಸರಿಯಾಗಿ ಮಾತು ಬರೆಯುವವರು ಬೇಕು. ಡಬ್ಬಿಂಗ್ ಬೇಕೋ ಬೇಡವೋ ಅಂತ ಈಗಲೂ ವಾದ ಮಾಡುವವರಿದ್ದಾರೆ. ನನಗೆ ಅದು ಅನ್ನ ಕೊಟ್ಟಿದೆ, ಮಾತನ್ನು ಚಿಕ್ಕದಾಗಿ ಬರೆಯುವುದನ್ನೂ ಕಲಿಸಿದೆ. 2020ರ ಮಾರ್ಚ್‌ನಲ್ಲಿ ಎಲ್ಲ ನಿಂತಾಗ ತಿಪಟೂರಿಗೆ ಹೋದೆ. ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ಬರೆದ ಕಥೆಯೇ ಈಗ ಸಿನಿಮಾ ಆಗಿರುವುದು.

ಕಥೆ ಕೈಯಲ್ಲಿದ್ದರೆ ಯಾರಿಗೂ ಕಳಿಸುವ ಮುಂಚೆ ಕಾಪಿರೈಟ್ ಕಚೇರಿಯ ಜಾಲತಾಣದಲ್ಲಿ ಅರ್ಜಿ ಹಾಕಿ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದ ಕೂಡಲೇ ಡೈರಿ ಸಂಖ್ಯೆ ಬರುತ್ತದೆ. ಆಕ್ಷೇಪಣೆ ಬರುತ್ತದಾ ಅಂತ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಪ್ರಮಾಣಪತ್ರ ಬರೋಕೆ ಎಷ್ಟೋ ತಿಂಗಳು ಹಿಡಿಯಬಹುದು, ತಲೆ ಕೆಡಿಸಿಕೊಳ್ಳಬೇಡಿ. ಮುಂಬೈನ ಚಿತ್ರಕಥೆಗಾರರ ಸಂಘದಲ್ಲೂ ಸದಸ್ಯರಾದರೆ ಆನ್‌ಲೈನ್‌ನಲ್ಲೇ ನೋಂದಣಿ ಮಾಡಬಹುದು.

ನಿರ್ಮಾಪಕರನ್ನು ಹುಡುಕಿದ ಕಾಲ ನನ್ನ ಬದುಕಿನಲ್ಲೇ ಕಷ್ಟದ್ದು. ಕಥೆ ಹೇಳೋಕೆ ಕರೆಯುತ್ತಾರೆ, ಮಧ್ಯದಲ್ಲಿ ಫೋನ್ ಬರುತ್ತದೆ, ಎದ್ದು ಹೋಗುತ್ತಾರೆ. "ಲೈನ್ ಚೆನ್ನಾಗಿದೆ ಮೇಡಂ, ಹೀರೋ ಡೇಟ್ ತಗೊಂಡು ಬನ್ನಿ" ಅನ್ನುತ್ತಾರೆ. ಹೀರೋ ಹತ್ತಿರ ಹೋದರೆ ನಿರ್ಮಾಪಕರು ಯಾರು ಅಂತ ಕೇಳುತ್ತಾರೆ. "ಬೇಡ" ಅಂತ ಯಾರೂ ನೇರವಾಗಿ ಹೇಳಲ್ಲ, "ನೋಡೋಣ" ಅನ್ನುತ್ತಾರೆ. ಆ "ನೋಡೋಣ"ಗಳನ್ನು ನಂಬಿ ಬೇರೆ ಕೆಲಸ ಬಿಡಬೇಡಿ. ನಾನು ಬೆಳಗ್ಗೆ ಕಥೆ ಹೇಳಿ, ಮಧ್ಯಾಹ್ನ ಬಂದು ಡಬ್ಬಿಂಗ್ ಮಾತು ಬರೆಯುತ್ತಿದ್ದೆ. ಕೊನೆಗೆ ಒಪ್ಪಿದವರು ಅರಸೀಕೆರೆ ಕಡೆಯ, ಬೋರ್‌ವೆಲ್ ವ್ಯವಹಾರದ ಒಬ್ಬರು ಮತ್ತು ಅವರ ಇಬ್ಬರು ಸ್ನೇಹಿತರು. ಸಿನಿಮಾ ಅವರಿಗೂ ಹೊಸದು. ನಾನು ಒಟ್ಟು ಬಜೆಟ್ ತೋರಿಸುವಾಗ ಶೂಟಿಂಗ್ ಖರ್ಚಿನ ಪಕ್ಕದಲ್ಲೇ ಬಿಡುಗಡೆಯ ಖರ್ಚನ್ನೂ ಬರೆದು ತೋರಿಸಿದೆ. ಅದನ್ನು ನೋಡಿಯೇ ನಂಬಿಕೆ ಬಂತು ಅಂತ ಅವರು ಆಮೇಲೆ ಹೇಳಿದರು. ಒಂದು ಕೋಟಿಗೂ ಕಡಿಮೆ ಬಜೆಟ್.

ಕ್ರೆಸೆಂಟ್ ರಸ್ತೆಯ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಬ್ಯಾನರ್, ಅಂದರೆ ನಿರ್ಮಾಣ ಸಂಸ್ಥೆಯ ಹೆಸರು ನೋಂದಾಯಿಸಿ, ಶೀರ್ಷಿಕೆಗೆ ಅರ್ಜಿ ಹಾಕಬೇಕು. ಅರ್ಜಿ ನಿರ್ಮಾಪಕರದ್ದು, ನಿರ್ದೇಶಕರದ್ದಲ್ಲ. ನಮಗೆ ಬೇಕಾದ ಹೆಸರು ಆಗಲೇ ಬೇರೆಯವರ ಕೈಯಲ್ಲಿತ್ತು. ಅವರು ಬಿಟ್ಟುಕೊಡಲಿಲ್ಲ. ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರನ್ನು ಬಿಡುವುದು, ಮಗುವಿನ ಹೆಸರನ್ನು ಶಾಲೆಯಲ್ಲಿ ಬದಲಾಯಿಸಿದ ಹಾಗೆ ಇತ್ತು. ಹೋಗುವಾಗ ಮೂರು ನಾಲ್ಕು ಹೆಸರು ಹಿಡಿದುಕೊಂಡು ಹೋಗಿ. ಹೆಸರು ಕೈಗೆ ಬರುವ ಮುಂಚೆ ಪೋಸ್ಟರ್ ಮಾಡಿಸಬೇಡಿ.

ಶೂಟಿಂಗ್‌ಗೆ ಮುಂಚೆ ಒಂದು ಅನುಮತಿ ಬಗ್ಗೆ ಹೇಳಲೇಬೇಕು. ನಮ್ಮ ಕಥೆಯಲ್ಲಿ ಒಂದು ಹಸು ಇದೆ. ಪ್ರಾಣಿಯನ್ನು ಬಳಸುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಶೂಟಿಂಗ್‌ಗೆ ಮೊದಲೇ ಅರ್ಜಿ ಹಾಕಬೇಕು. ಅದರ ಕಚೇರಿ ಈಗ ಹರಿಯಾಣದ ಬಲ್ಲಭಗಢದಲ್ಲಿದೆ. ಪಶುವೈದ್ಯರ ಪತ್ರ ಬೇಕು, ದೃಶ್ಯದಲ್ಲಿ ಪ್ರಾಣಿ ಏನು ಮಾಡುತ್ತದೆ ಅಂತ ಬರೆದು ಕೊಡಬೇಕು. ತೆಗೆದಾದ ಮೇಲೆ ಆ ದೃಶ್ಯಗಳನ್ನು ತೋರಿಸಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅದಿಲ್ಲದಿದ್ದರೆ ಸೆನ್ಸಾರ್ ಮುಂದೆ ಹೋಗಲ್ಲ. ನಾನು ಅಸೋಸಿಯೇಟ್ (ಸಹ ನಿರ್ದೇಶಕಿ) ಆಗಿದ್ದ ಒಂದು ಸಿನಿಮಾ ಹಿನ್ನೆಲೆಯಲ್ಲಿದ್ದ ಎತ್ತಿನ ಗಾಡಿಗಾಗಿ ತಿಂಗಳುಗಟ್ಟಲೆ ನಿಂತಿತ್ತು. ಅದನ್ನು ನೋಡಿದ್ದರಿಂದ ನಾವು ಮೊದಲೇ ಅರ್ಜಿ ಹಾಕಿದೆವು, ಬೇಡದ ಕಡೆ ಕೋಳಿ, ನಾಯಿ ಯಾವುದೂ ಫ್ರೇಮ್‌ಗೆ ಬರದ ಹಾಗೆ ನೋಡಿಕೊಂಡೆವು. ಸಿಗರೇಟನ್ನೂ ಕಥೆಯಿಂದ ತೆಗೆದೆ. ಒಂದು ದೃಶ್ಯದಲ್ಲಿ ಸೇದಿದರೂ ಸಿನಿಮಾದ ಶುರುವಿನಲ್ಲಿ ಮತ್ತು ಮಧ್ಯಂತರದ ಹತ್ತಿರ ತಂಬಾಕು ವಿರೋಧಿ ತುಣುಕು ಹಾಕಬೇಕು, ಆ ದೃಶ್ಯದ ಉದ್ದಕ್ಕೂ ಕೆಳಗೆ ಎಚ್ಚರಿಕೆ ಬರಬೇಕು.

ಶೂಟಿಂಗ್ ಚೆನ್ನಾಗಿಯೇ ನಡೆಯಿತು. ಮಳೆ ಬಂತು, ಒಂದು ಲೊಕೇಶನ್ ಕೈತಪ್ಪಿತು, ಅಷ್ಟೇ.

ನಿಜವಾದ ಕಾಯುವಿಕೆ ಆಮೇಲೆ. ಎಡಿಟಿಂಗ್ ಆಯಿತು, ಡಬ್ಬಿಂಗ್ ಆಯಿತು, ರೀ-ರೆಕಾರ್ಡಿಂಗ್ (ಹಿನ್ನೆಲೆ ಸಂಗೀತ) ಹೊತ್ತಿಗೆ ದುಡ್ಡು ಮುಗಿಯಿತು. ಆ ವರ್ಷ ಬೋರ್‌ವೆಲ್ ವ್ಯವಹಾರ ಮಂದ ಆಗಿತ್ತು. ಸಿನಿಮಾ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಮಲಗಿತು. ಊರಲ್ಲಿ ಎಲ್ಲರೂ "ಯಾವಾಗ ರಿಲೀಸು?" ಅಂತ ಕೇಳುವಾಗ ಹಬ್ಬಕ್ಕೂ ಊರಿಗೆ ಹೋಗದೆ ಉಳಿದೆ. ಆ ಹೊತ್ತಿನಲ್ಲಿ ಮತ್ತೆ ಧಾರಾವಾಹಿಗೆ ಸೇರಿಕೊಂಡೆ. ಕೆಲವು ಸಹೋದ್ಯೋಗಿಗಳು "ಡೈರೆಕ್ಟರ್ ಆದವರು ಮತ್ತೆ ಎಪಿಸೋಡ್ ಬರೀತಿದ್ದೀರಾ?" ಅಂದರು. ನೋವಾಯಿತು. ಆದರೆ ಆ ಸಂಬಳದಿಂದಲೇ ಬಾಡಿಗೆ ಕಟ್ಟಿದೆ, ಸಬ್‌ಟೈಟಲ್ ನಾನೇ ಮಾಡಿದೆ. ನಿಮ್ಮ ಬಜೆಟ್‌ನಲ್ಲಿ ಪೋಸ್ಟ್ ಪ್ರೊಡಕ್ಷನ್ ದುಡ್ಡನ್ನು ಬೇರೆ ಖಾತೆಯಲ್ಲಿಡಲು ನಿರ್ಮಾಪಕರನ್ನು ಒಪ್ಪಿಸಿ. ಸಂಗೀತ, ಕಲರ್, 5.1 ಸೌಂಡ್ ಮಿಕ್ಸಿಂಗ್, ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿ (ಡಿಸಿಪಿ) ಅಂತ ಒಂದರ ಹಿಂದೆ ಒಂದು ಖರ್ಚು ಬರುತ್ತದೆ.

ಸೆನ್ಸಾರ್ ಅರ್ಜಿ ಈಗ ಪೂರ್ತಿ ಆನ್‌ಲೈನ್, ಇ-ಸಿನೆಪ್ರಮಾಣ್ ಅನ್ನುವ ಜಾಲತಾಣದಲ್ಲಿ. ಇದಕ್ಕೂ ನಿರ್ಮಾಪಕರ ಹೆಸರಿನಲ್ಲೇ ಖಾತೆ ತೆರೆಯಬೇಕು. ಸಾರಾಂಶ, ಹಾಡುಗಳ ಸಾಹಿತ್ಯ, ಪಾತ್ರವರ್ಗ ಮತ್ತು ತಂತ್ರಜ್ಞರ ಪಟ್ಟಿ, ಪೂರ್ತಿ ಸಂಭಾಷಣೆ ಎಲ್ಲ ಬೇಕು. ಈ ಸಂಭಾಷಣೆ ಅಂದರೆ ನೀವು ಬರೆದ ಚಿತ್ರಕಥೆ ಅಲ್ಲ, ತೆರೆಯ ಮೇಲೆ ನಿಜವಾಗಿ ಕೇಳಿಸುವ ಮಾತು. ಸಿನಿಮಾ ನಿಲ್ಲಿಸಿ ನಿಲ್ಲಿಸಿ ಕೇಳಿ ಬರೆಯಬೇಕು, ಒಂದು ವಾರ ಇಟ್ಟುಕೊಳ್ಳಿ. ಟ್ರೇಲರ್‌ಗೆ ಬೇರೆ ಪ್ರಮಾಣಪತ್ರ. ತುರ್ತಿದ್ದರೆ ಹೆಚ್ಚು ಶುಲ್ಕ ಕಟ್ಟಿ ಆದ್ಯತೆ ಕೇಳುವ ಅವಕಾಶ 2024ರ ನಿಯಮಗಳಲ್ಲಿ ಇದೆ. ಬೆಂಗಳೂರಿನ ಪ್ರಾದೇಶಿಕ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ.

ಸಮಿತಿಯವರು ನೋಡುವಾಗ ನಾವು ಹೊರಗೆ ಕೂತಿದ್ದೆವು. ಒಳಗಿನಿಂದ ಒಂದು ನಗು ಕೇಳಿಸಿತಾ ಅಂತ ಕಿವಿ ಬಾಗಿಲಲ್ಲೇ ಇತ್ತು. ಆಮೇಲೆ ಒಳಗೆ ಕರೆದು ಮಾತಾಡಿಸಿದರು. ಒಂದು ಬೈಗುಳ ಮ್ಯೂಟ್ ಮಾಡಬೇಕು, ಆತ್ಮಹತ್ಯೆಗೆ ಯತ್ನಿಸುವ ದೃಶ್ಯವನ್ನು ಸ್ವಲ್ಪ ಚಿಕ್ಕದು ಮಾಡಬೇಕು ಅಂದರು. ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕಾದ ಯುಎ ದರ್ಜೆ ಈಗ ಮೂರು ವಯಸ್ಸಿನ ವಿಭಾಗ ಆಗಿದೆ, 7+, 13+, 16+. ನಮಗೆ 13+ ಬಂತು. ಒಪ್ಪಿಗೆ ಇಲ್ಲದಿದ್ದರೆ ಪರಿಷ್ಕರಣಾ ಸಮಿತಿಗೆ ಹೋಗಬಹುದು. ಮೊದಲಿದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದ್ದಾರೆ, ಅದರ ನಂತರದ ಮೆಟ್ಟಿಲು ಹೈಕೋರ್ಟೇ. ನಾನು ವಾದ ಮಾಡಲಿಲ್ಲ. ಆ ದೃಶ್ಯ ಚಿಕ್ಕದಾದ ಮೇಲೆ ಚೆನ್ನಾಗಿಯೇ ಆಯಿತು. ಪ್ರಮಾಣಪತ್ರ ಕೈಗೆ ಬರುವವರೆಗೂ ಬಿಡುಗಡೆ ದಿನಾಂಕ ಹೇಳಬೇಡಿ ಅಂತ ನಿರ್ಮಾಪಕರನ್ನು ಕೇಳಿಕೊಂಡಿದ್ದೆ, ಅವರು ಮಾತು ಉಳಿಸಿಕೊಂಡರು.

ಬಿಡುಗಡೆಯ ಲೆಕ್ಕ ಹೊಸಬರಿಗೆ ಯಾರೂ ಬಿಡಿಸಿ ಹೇಳಲ್ಲ. ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ನಮ್ಮಲ್ಲಿ ಜಾಸ್ತಿ ಇರುವುದು ಬಾಡಿಗೆ ಪದ್ಧತಿ. ಜನ ಬಂದರೂ ಬರದಿದ್ದರೂ ವಾರದ ಬಾಡಿಗೆ ನಿರ್ಮಾಪಕರು ಕೊಡಬೇಕು. ಮಲ್ಟಿಪ್ಲೆಕ್ಸ್‌ನಲ್ಲಿ ಹಂಚಿಕೆ ಲೆಕ್ಕ, ನಮ್ಮ ಪಾಲು ವಾರದಿಂದ ವಾರಕ್ಕೆ ಇಳಿಯುತ್ತದೆ. ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳಿಗೆ ಪ್ರತಿ ಪರದೆಗೂ ಶುಲ್ಕ ಬೇರೆ. ಇದರ ವಿರುದ್ಧ 2018ರಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾ ಬಿಡುಗಡೆಯನ್ನೇ ನಿಲ್ಲಿಸಿದ್ದರು. ಹಾಗಾಗಿ ಕೆ.ಜಿ. ರಸ್ತೆಯಲ್ಲಿ ಕಟೌಟ್ ನಿಲ್ಲಿಸುವ ಆಸೆ ಬಿಟ್ಟು, ಕಡಿಮೆ ಪರದೆ ತೆಗೆದುಕೊಂಡೆವು. ತಿಪಟೂರು, ತುಮಕೂರು, ಹಾಸನದಲ್ಲಿ ಜೋರಾಗಿ ಪ್ರಚಾರ ಮಾಡಿದೆವು. ಅದೇ ಶುಕ್ರವಾರ ಇನ್ನೂ ಐದಾರು ಕನ್ನಡ ಸಿನಿಮಾ ಬಂದವು. ಬೆಂಗಳೂರಿನಲ್ಲಿ ನಮಗೆ ಸಿಕ್ಕಿದ್ದು ಬೆಳಗ್ಗೆ 10ರ ಆಟಗಳು. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಹೇಗೆ ಬರುತ್ತಾರೆ? ಶನಿವಾರ ಜನ ಜಾಸ್ತಿ ಆದಾಗ ಸಂಜೆ ಆಟ ಕೊಡಿ ಅಂತ ಹಂಚಿಕೆದಾರರು ಕೇಳುತ್ತಲೇ ಇದ್ದರು. ಸೋಮವಾರ ಒಂದು ಕಡೆ ಕೊಟ್ಟರು. ತಿಪಟೂರಿನಲ್ಲಿ ಭಾನುವಾರ ಸಂಜೆ ಬಾಲ್ಕನಿ ತುಂಬಿತ್ತು. ಅಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದಳು. ಹೊರಗೆ ಬಂದು, "ಆ ಹಸು ನಮ್ಮ ಗೌರಿ ಥರಾನೇ ಇದೆ ಅಲ್ವಾ?" ಅಂದಳು.

ಒಟಿಟಿ ಬಗ್ಗೆ ಎಲ್ಲರೂ ಕೇಳುತ್ತಾರೆ. ದೊಡ್ಡ ಹೆಸರಿಲ್ಲದ ಸಣ್ಣ ಕನ್ನಡ ಸಿನಿಮಾಕ್ಕೆ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವುದು ಅಪರೂಪ. ನೋಡಿದಷ್ಟು ಗಂಟೆಗೆ ಇಷ್ಟು ಅಂತ ಪಾಲು ಕೊಡುವ ಮಾತು ನಮಗೆ ಬಂದಿದೆ, ಇನ್ನೂ ಸಹಿ ಆಗಿಲ್ಲ. ಬಜೆಟ್ ಮಾಡುವಾಗ ಒಟಿಟಿ ದುಡ್ಡನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಈಗ ಉಳಿದಿರುವುದು ವಾರ್ತಾ ಇಲಾಖೆಗೆ ಸಹಾಯಧನದ ಅರ್ಜಿ. ಅದಕ್ಕಾಗಿ ಸೆನ್ಸಾರ್ ಪ್ರಮಾಣಪತ್ರ, ಶೀರ್ಷಿಕೆ ಪತ್ರ, ಬಿಡುಗಡೆಯ ಜಾಹೀರಾತು, ಚಿತ್ರಮಂದಿರದ ಲೆಕ್ಕ, ತಂತ್ರಜ್ಞರಿಗೆ ದುಡ್ಡು ಕೊಟ್ಟ ರಸೀದಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸುತ್ತಿದ್ದೇವೆ. ಆ ರಸೀದಿಗಳಲ್ಲಿ ನನಗೆ ತೃಪ್ತಿ ಕೊಟ್ಟಿದ್ದು ನನ್ನ ಸಹಾಯಕರದ್ದು. ಮೂವರಿಗೂ ಮಾತಾದಷ್ಟೂ ದುಡ್ಡು ಡಬ್ಬಿಂಗ್ ಮುಗಿಯುವ ಮುಂಚೆಯೇ ಹೋಗಿತ್ತು. ಅವರಲ್ಲಿ ಒಬ್ಬಳು ಈಗ ಬೇರೆ ತಂಡದಲ್ಲಿ ಅಸೋಸಿಯೇಟ್. ನಾನು ಬರುವ ಸೋಮವಾರದಿಂದ ಒಂದು ಡಬ್ಬಿಂಗ್ ಕೆಲಸಕ್ಕೆ ಕೂರುತ್ತೇನೆ, ಎರಡು ತಿಂಗಳ ಬಾಡಿಗೆ ಅದರಲ್ಲಿ ಬರುತ್ತದೆ. ಬೆಳಗಿನ ಹೊತ್ತು ಮಾತ್ರ ಖಾಲಿ ಇಟ್ಟುಕೊಂಡಿದ್ದೇನೆ, ಎರಡನೇ ಕಥೆಯ ಮಧ್ಯಂತರ ಇನ್ನೂ ಕೂತಿಲ್ಲ.